ರಾಯಚೂರಿಗೆ ಬಸ್ಸಿನಲ್ಲಿ ಬಂದ ಕಡಲ ಕೆಸರು

ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಬಂದ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದೊಡನೆ ನನ್ನ ಪುಟ್ಟ ಪ್ರಯೋಗಾಲಯದ ತುಂಬ ಕೊಳೆತ ಮೊಟ್ಟೆಯ ವಾಸನೆ. ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಕಡೆ ತೆಗೆದ ಕೆಸರು ಅದು. ಅದರಲ್ಲಿ ಡಿಡಿಟಿಯಂಥ ಹಳೆಯ ಕೀಟನಾಶಕಗಳ ಶೇಷ ಎಷ್ಟಿದೆಯೆಂದು ನೋಡಬೇಕಿತ್ತು; ಕಳುಹಿಸಿದ ಗೆಳೆಯನ ಉಪಕರಣ ಕೆಟ್ಟು ಕುಳಿತಿತ್ತು. ನಾನೋ ಮೆಣಸಿನಕಾಯಿ, ಅಕ್ಕಿಗಳಲ್ಲಿ ಕೀಟನಾಶಕದ ಶೇಷ ನೋಡಿ ಹೊಟ್ಟೆ ಹೊರೆಯುವವನು. ‘ಸಮುದ್ರವಿಲ್ಲದ ಊರಿನಲ್ಲಿ ಸಮುದ್ರದ ಕೆಸರೇ? ಡಿಟೆಕ್ಟರ್ ಹಾಳುಮಾಡಿಕೊಳ್ಳುತ್ತೀರಿ’ ಎಂದು ಬಲ್ಲವರು ನಕ್ಕರು. ಮೊದಲ ಮೂರು ತಿಂಗಳು ಅವರ ಮಾತೇ ನಿಜವಾಯಿತು.

ಏಪ್ರಿಲ್‌ನಲ್ಲಿ ಶುರುಮಾಡಿದ್ದೇ ತಪ್ಪು. ಹೆಕ್ಸೇನ್, ಅಸಿಟೋನ್ ಎಂಬ ದ್ರಾವಕಗಳನ್ನು ಸಮಸಮ ಹಾಕಿ, ಕೆಸರಿನ ಸಾರ ಇಳಿಸುವ ಗಾಜಿನ ಸಲಕರಣೆ ಸಾಕ್ಸ್‌ಲೆಟ್ 16 ಗಂಟೆ ಓಡಬೇಕು. ನಮ್ಮ ಬೇಸಿಗೆಯಲ್ಲಿ ಮಾಳಿಗೆಯ ತೊಟ್ಟಿಯಿಂದ ಆವಿ ತಣಿಸುವ ಕಂಡೆನ್ಸರ್‌ಗೆ ಬರುವ ನೀರು ಸ್ನಾನಕ್ಕೆ ಕಾಯಿಸಿದಂತಿರುತ್ತದೆ. ಅಸಿಟೋನ್ ಕುದಿಯುವುದೇ 56 ಡಿಗ್ರಿಗೆ. ಹೀಗೆ ಹತ್ತು ಸಾವಿರ ರೂಪಾಯಿಯಷ್ಟು ದ್ರಾವಕ ಗಾಳಿಗೆ ಹೋಯಿತು. ಕೊನೆಗೆ ಏರ್ ಕೂಲರ್‌ನ ಪಂಪೊಂದನ್ನು, ಮುನ್ನೂರೈವತ್ತು ರೂಪಾಯಿ ಇರಬೇಕು, ಐಸ್ ಬಕೆಟ್ಟಿನಲ್ಲಿ ಮುಳುಗಿಸಿ ಅದೇ ನೀರನ್ನು ಸುತ್ತಿಸಿದೆ. ಅಲ್ಲಿಂದಾಚೆಗೆ ಒಂದು ಹನಿಯೂ ಪೋಲಾಗಿಲ್ಲ.

ನಿಜವಾದ ಶತ್ರು ಗಂಧಕ. ಕಡಲ ನೀರಿನ ಸಲ್ಫೇಟ್ ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳಿಂದ ಸಲ್ಫೈಡ್ ಆಗಿ, ಅದರಿಂದ ಗಂಧಕ ಹುಟ್ಟುತ್ತದೆ. ಸಾರವನ್ನು ಶುದ್ಧಿಮಾಡಲು ಬಳಸುವ ಫ್ಲೋರಿಸಿಲ್ ಪುಡಿ ಅದನ್ನು ತಡೆಯುವುದಿಲ್ಲ. ಯಂತ್ರ ಬರೆಯುವ ಗೆರೆಚಿತ್ರದ, ಅಂದರೆ ಕ್ರೊಮ್ಯಾಟೊಗ್ರಾಂನ, ಮೊದಲ ಭಾಗವೆಲ್ಲ ಒಂದೇ ಬೆಟ್ಟ; ಲಿಂಡೇನ್ ಬಳಗದ ಕೀಟನಾಶಕಗಳಾದ ಎಚ್‌ಸಿಎಚ್ ಪೀಕ್‌ಗಳು ಅದರಡಿ ಹೂತುಹೋಗಿದ್ದವು. ಗಂಧಕಾಮ್ಲದಿಂದ ತೊಳೆದೆ. ಗಂಧಕ ಹೋಗಲಿಲ್ಲ, ಹೋದದ್ದು ನಾನು ಹುಡುಕುತ್ತಿದ್ದ ಕೀಟನಾಶಕಗಳಾದ ಎಂಡೋಸಲ್ಫಾನ್ ಮತ್ತು ಡೈಎಲ್ಡ್ರಿನ್. ಇದರ ನಡುವೆ ಡಿಟೆಕ್ಟರ್ ಸೋತು, ಸರಿಪಡಿಸಲು ಮೂವತ್ತು ಸಾವಿರದ ಮೇಲಾಯಿತು. ಮನೆಯಲ್ಲಿ ಈ ಅಂಕಿಯನ್ನು ಇಂದಿಗೂ ಹೇಳಿಲ್ಲ.

ಮದ್ದು ತಾಮ್ರವೆಂಬುದು ಹೊಸದೇನಲ್ಲ. ಆದರೆ ತರಿಸಿದ ತಾಮ್ರದ ಪುಡಿ ದುಬಾರಿ, ಮೇಲೆ ಡಬ್ಬಿಯಲ್ಲೇ ಕಿಲುಬು ಹಿಡಿದಿತ್ತು. ಮೋಟಾರ್ ಸುತ್ತುವ ಅಂಗಡಿಯಿಂದ ಚೂರು ತಂತಿ ತಂದೆ. ಅದಕ್ಕೆ ಎನಾಮೆಲ್ ಲೇಪವಿರುತ್ತದೆ ಎಂಬುದು ಹೊಳೆಯಲು ಎರಡು ದಿನ ಬೇಕಾಯಿತು. ಬರಿಯ ಕೇಬಲ್ಲಿನ ಕೂದಲೆಳೆ ತಂತಿ ಕೈಹಿಡಿಯಿತು. ಹೈಡ್ರೋಕ್ಲೋರಿಕ್ ಆಮ್ಲ, ನೀರು, ಅಸಿಟೋನ್, ಹೆಕ್ಸೇನ್, ಈ ಕ್ರಮದಲ್ಲಿ ತೊಳೆದು ಹೊಳೆಯುತ್ತಿರುವಾಗಲೇ ಸಾರಕ್ಕೆ ಹಾಕಬೇಕು. ಕ್ಷಣದಲ್ಲಿ ಇದ್ದಿಲಿನಂತೆ ಕಪ್ಪಾಗುತ್ತದೆ. ತೆಗೆದು ಹೊಸದನ್ನು ಹಾಕಿ. ಹಾಕಿದ ತಂತಿ ಕೆಂಪಾಗಿಯೇ ಉಳಿಯುವವರೆಗೂ ಬಿಡಬೇಡಿ. ಒಂದು ಮಾದರಿ ಐದು ಸಲ ತಾಮ್ರ ತಿಂದಿತು. ಆಮ್ಲ ಎಷ್ಟು ತೆಳುವಿರಬೇಕು, ಎಷ್ಟು ಹೊತ್ತು ಅಲುಗಿಸಬೇಕು ಎಂಬುದು ಮಾತ್ರ ನನ್ನ ಬಳಿಯೇ ಇರಲಿ, ಮೂವತ್ತು ಸಾವಿರ ಕೊಟ್ಟು ಕಲಿತದ್ದು.

ಗಂಧಕ ಹೋದ ಮೇಲೆ ಇನ್ನೊಂದು ಪೆಟ್ಟು. ಡಿಡಿಟಿಗಿಂತ ಅದು ಒಡೆದು ಆಗುವ ಡಿಡಿಇ, ಡಿಡಿಡಿಗಳೇ ಹೆಚ್ಚು ಬಂದವು. ಕೃಷಿಯಲ್ಲಿ ಡಿಡಿಟಿ ನಿಂತದ್ದು 1989ರಲ್ಲಿ, ಹಾಗಾಗಿ ಹಳೆಯ ಶೇಷವೆಂದು ಹಿಗ್ಗಿ ಗೆಳೆಯನಿಗೆ ಫೋನ್ ಮಾಡಿಬಿಟ್ಟೆ. ರಾತ್ರಿ ಅನುಮಾನ ಬಂದು ಬರಿಯ ಡಿಡಿಟಿಯನ್ನೇ ಕೊಟ್ಟು ನೋಡಿದರೆ ಸುಮಾರು ಮೂರನೇ ಒಂದು ಪಾಲು ಮಾದರಿ ಯಂತ್ರದೊಳಗೆ ಹೋಗುವ ಬಿಸಿ ಬಾಯಾದ ಇಂಜೆಕ್ಟರಿನಲ್ಲೇ ಒಡೆಯುತ್ತಿತ್ತು; ಹಾಗೆ ಒಡೆಯುವುದು ಶೇ. 15 ದಾಟಬಾರದು. ಅದರೊಳಗಿನ ಗಾಜಿನ ಕೊಳವೆಯಾದ ಲೈನರ್ ತೆಗೆದರೆ ಒಳಗೆ ಬೀಡಿ ಹೊಗೆ ಕುಡಿದಂಥ ಕಂದು ಕಲೆ. ಲೈನರ್ ಬದಲಿಸಿ ಒಂದು ವಾರದ ಲೆಕ್ಕವನ್ನೆಲ್ಲ ಹೊಡೆದುಹಾಕಿದೆ. ಈಗ ದಿನದ ಮೊದಲ ಕೆಲಸವೇ ಆ ಪರೀಕ್ಷೆ.

ಕುತೂಹಲಕ್ಕೆ ಸಿಂಧನೂರಿನ ಕಡೆಯ ತುಂಗಭದ್ರಾ ಎಡದಂಡೆ ಕಾಲುವೆಯ ಹೂಳನ್ನೂ ಹೀಗೆಯೇ ನೋಡಿದೆ. ತಾಮ್ರ ತುಸು ಮಂಕಾಯಿತಷ್ಟೇ. ಎಂಡೋಸಲ್ಫಾನ್ ಮಾರ್ಪಟ್ಟು ಆಗುವ ಎಂಡೋಸಲ್ಫಾನ್ ಸಲ್ಫೇಟ್ ಇರುವ ಜಾಗದಲ್ಲಿ ಸಣ್ಣ ಪೀಕ್ ಕಂಡಿತು, ಖಚಿತಪಡಿಸಿಕೊಳ್ಳಲು ಎರಡನೆಯ ಕಾಲಂನಲ್ಲಿ, ಅಂದರೆ ಪದಾರ್ಥಗಳನ್ನು ಬೇರ್ಪಡಿಸುವ ಬೇರೊಂದು ಬಗೆಯ ಕೊಳವೆಯಲ್ಲಿ, ನೋಡಿದರೆ ಕಾಣಲಿಲ್ಲ. ಹಾಗಾಗಿ ಯಾರಿಗೂ ಹೇಳಿರಲಿಲ್ಲ, ಇಲ್ಲಿ ಬರೆಯುವವರೆಗೆ.

ಡಿಡಿಟಿ ಬಳಗದ ರಿಕವರಿ, ಅಂದರೆ ತಿಳಿದಷ್ಟು ಬೆರೆಸಿದ್ದರಲ್ಲಿ ಮರಳಿ ಸಿಕ್ಕುವ ಪಾಲು, ಐವತ್ತರ ಆಸುಪಾಸಿನಿಂದ ಶೇ. 85ರ ಮೇಲೇರಿದೆ. ನಕ್ಕವರಲ್ಲಿ ಒಬ್ಬರು ತಂತಿ ಯಾವ ಅಂಗಡಿಯದೆಂದು ಕೇಳಿದ್ದಾರೆ. ಲಿಂಡೇನ್ ಮಾತ್ರ ಎಪ್ಪತ್ತು ದಾಟುತ್ತಿಲ್ಲ, ಸಾರವನ್ನು ಬತ್ತಿಸುವಾಗ ಸೆಕೆಗೆ ಹಾರಿಹೋಗುತ್ತಿದೆ. ದೀಪಾವಳಿ ಕಳೆದು ತಂಪಾಗುವವರೆಗೆ ಹೊಸ ಪೆಟ್ಟಿಗೆ ಬೇಡವೆಂದು ಗೆಳೆಯನಿಗೆ ತಿಳಿಸಿದ್ದೇನೆ.