ಕೊನೆಯ ಲೆವೆಲ್ ಮೊದಲು, ಮೊದಲನೆಯದು ಕೊನೆಗೆ

ನನ್ನ ಗೇಮ್‌ನ ಲೆವೆಲ್‌ಗಳನ್ನು ಕೊನೆಯಿಂದ ಮೊದಲಿಗೆ ಕಟ್ಟುತ್ತೇನೆ ಅಂದಾಗ ಬೆಂಗಳೂರಿನ ಗೆಳೆಯರು ಯಾರೂ ಒಪ್ಪಲಿಲ್ಲ. "ಒಂದನೇದೇ ಇಲ್ಲದೆ ಮೂವತ್ತನೇದು ಹೇಗೆ ಮಾಡ್ತೀಯ?" ಅಂದರು. ಈಗ ಅವರಲ್ಲಿ ಇಬ್ಬರು ಅದೇ ದಾರಿ ಹಿಡಿದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಕಬ್ಬಿನ ಎತ್ತಿನಗಾಡಿಯ ಗೇಮ್. ಗದ್ದೆಯಲ್ಲಿ ಐದು ಹೊರೆ ಕಬ್ಬು ಹೇರಿಕೊಂಡು ಆಲೆಮನೆ ಸೇರಬೇಕು. ದಾರಿಯಲ್ಲಿ ಗುಂಡಿ, ಹಂಪ್, ಕೆರೆ ಏರಿ, ನಾಲೆ ಪಕ್ಕದ ತಿರುವು. ಮಂಡ್ಯದವನು ನಾನು, ಈ ದಾರಿಗಳು ಕಣ್ಣು ಮುಚ್ಚಿದರೂ ಕಾಣುತ್ತವೆ.

ಮೊದಲ ಸಲ ಎಲ್ಲರ ಹಾಗೇ ಮಾಡಿದ್ದೆ. ಲೆವೆಲ್ ಏರಿದ ಹಾಗೆ ವೇಗ ಸ್ವಲ್ಪ ಜಾಸ್ತಿ, ಗುಂಡಿ ಎರಡು ಜಾಸ್ತಿ, ಸಮಯ ಸ್ವಲ್ಪ ಕಡಿಮೆ. ಎಕ್ಸೆಲ್‌ನಲ್ಲಿ ಒಂದು ಸೂತ್ರ ಹಾಕಿ ಎಳೆದರೆ ಮುಗಿಯಿತು. ವಾರದಲ್ಲಿ 60 ಲೆವೆಲ್ ಸಿದ್ಧ. ನೂರು ಜನ ಇಳಿಸಿಕೊಂಡರೆ ಏಳನೇ ಲೆವೆಲ್ ದಾಟಿದವರು 11–12 ಜನ ಇರಬಹುದು, ಅಷ್ಟೇ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಗೇಮ್ ಕಟ್ಟುವ ಸಾಫ್ಟ್‌ವೇರ್ ಗೊಡಾಟ್ ಬಿಟ್ಟಿ. ಪ್ಲೇ ಸ್ಟೋರ್‌ಗೆ ಒಂದೇ ಸಲ 25 ಡಾಲರ್. ಚಿತ್ರ ಬರೆದುಕೊಟ್ಟ ಮೈಸೂರಿನ ಹುಡುಗಿಗೆ ಸುಮಾರು 35 ಸಾವಿರ, ಸೌಂಡ್‌ಗೆ ಎಂಟು. ಜಾಹೀರಾತಿಗೆ 22 ಸಾವಿರ ಹಾಕಿದೆ. ಅದು ನೀರಲ್ಲಿ ಹೋಮ. ಏಳನೇ ಲೆವೆಲ್‌ನಲ್ಲಿ ಬಿಟ್ಟು ಹೋಗುವವರನ್ನು ದುಡ್ಡು ಕೊಟ್ಟು ಕರೆತಂದ ಹಾಗಾಯಿತು.

ಸುಲಭ, ಮಧ್ಯಮ, ಕಠಿಣ ಅಂತ ಮೂರು ಬಟನ್ ಇಡು ಅಂತ ಒಬ್ಬರು ಹೇಳಿದರು. ಇಟ್ಟೆ. ಹೆಚ್ಚು ಕಡಿಮೆ ಎಲ್ಲರೂ ಮಧ್ಯಮ ಒತ್ತಿದರು. ಗಾಡಿ ಇನ್ನೂ ಹತ್ತಿಲ್ಲ, ತನಗೆ ಯಾವುದು ಸರಿ ಅಂತ ಆಡುವವನಿಗೆ ಹೇಗೆ ಗೊತ್ತಾಗಬೇಕು? ತೆಗೆದುಹಾಕಿದೆ.

ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯಲ್ಲಿ ನಾಲ್ಕು ಸಂಜೆ ಕೂತೆ. ಬಂದವರ ಕೈಗೆ ಫೋನ್ ಕೊಟ್ಟು ಬಾಯಿ ಮುಚ್ಚಿಕೊಂಡಿದ್ದೆ. ಎಲ್ಲಿ ಸೋತರು, ಸೋತಾಗ ಏನಂದರು ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ನಲವತ್ತು ಜನ ಇರಬಹುದು. "ಅಯ್ಯೋ, ಬೇಗ ತಿರುಗಿಸಿಬಿಟ್ಟೆ" ಅಂದವರು ಹತ್ತು ಸಲ ಸೋತರೂ ಮತ್ತೆ ಆಡಿದರು. "ಇದೇನು, ಸುಮ್ನೆ ಬಿತ್ತು" ಅಂದವರು ಎರಡನೇ ಸಲಕ್ಕೇ ಫೋನ್ ವಾಪಸ್ ಕೊಟ್ಟರು. ನಾಲ್ಕು ದಿನದ ಟೀ ಖರ್ಚು ಆ 22 ಸಾವಿರಕ್ಕಿಂತ ಜಾಸ್ತಿ ಕಲಿಸಿತು. ಏಳನೇ ಲೆವೆಲ್‌ನಲ್ಲಿ ಏರಿ, ತಿರುವು, ಕೆಸರು ಮೂರೂ ಹೊಸದು, ಮೂರೂ ಒಟ್ಟಿಗೆ. ಹೊರೆ ಯಾತಕ್ಕೆ ಬಿತ್ತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಪ್ಪನೂ ಆಡಿದರು. ಏರಿ ಹತ್ತಿಸುವಾಗ ನಿಲ್ಲಿಸಿ, "ಅಲ್ಲ ಕಣ್ಲಾ, ಏರಿ ಹತ್ತೋವಾಗ ಯಾರಾದ್ರೂ ಹಗ್ಗ ಜಗ್ತಾರಾ?" ಅಂದರು. ನನ್ನ ಕಂಟ್ರೋಲ್ ತಪ್ಪಿತ್ತು. ಅವತ್ತೇ ರಾತ್ರಿ ಬದಲಾಯಿಸಿದೆ.

ಆಗ ಅರವತ್ತನ್ನೂ ಅಳಿಸಿ ಮೂವತ್ತನೇದನ್ನು, ಅಂದರೆ ಈ ಸಲದ ಕೊನೆಯದನ್ನು, ಮೊದಲು ಕಟ್ಟಿದೆ. ತುಂಬಿದ ಗಾಡಿ, ರಾತ್ರಿ, ಮಳೆ, ಏರಿ, ತಿರುವು, ಎದುರಿಗೆ ಟ್ರ್ಯಾಕ್ಟರ್. ಅದೊಂದಕ್ಕೇ ಮೂರು ವಾರ ಹಿಡಿಯಿತು. ನಾನೇ ಐದು ಸಲ ಆಡಿದರೆ ಒಂದು ಸಲ ಗೆಲ್ಲುವ ಹಾಗೆ ನಿಲ್ಲಿಸಿದೆ. ಆಮೇಲೆ ಒಂದೊಂದೇ ಕಿತ್ತೆ. ಟ್ರ್ಯಾಕ್ಟರ್ ತೆಗೆದರೆ ಒಂದು ಲೆವೆಲ್, ಮಳೆ ನಿಲ್ಲಿಸಿದರೆ ಇನ್ನೊಂದು, ಬೆಳಕು ಹರಿಸಿದರೆ ಮತ್ತೊಂದು. ಮೊದಲಿನಿಂದ ಆಡುವವನಿಗೆ ಪ್ರತಿ ಸಲ ಹೊಸದು ಒಂದೇ ಒಂದು. ಆದರೆ ಹೀಗೇ ನೇರ ಇಳಿಸಿದರೆ ಆಡುವವರು ಸುಸ್ತಾಗುತ್ತಾರೆ. ಕಷ್ಟದ ಲೆವೆಲ್ ಆದಮೇಲೆ ಅದೇ ಅಡ್ಡಿ ಇರುವ ಒಂದು ಹಗುರ ಲೆವೆಲ್ ಇಟ್ಟೆ. ಉಸಿರು ಬಿಡಬೇಕು, ಅಲ್ವಾ?

ಒಂದನೇ ಲೆವೆಲ್ ಕೊನೆಗೆ ಬಂತು. 1985ರ ಸೂಪರ್ ಮಾರಿಯೋದ ಮೊದಲ ಲೆವೆಲ್ ನೆನಪಿಸಿಕೊಳ್ಳಿ. ಅಣಬೆ ಆಚೆ ಹೋಗಿ ಪೈಪ್‌ಗೆ ಬಡಿದು ನಿಮ್ಮ ಕಡೆಗೇ ವಾಪಸ್ ಬರುತ್ತದೆ. ತಿಂದಮೇಲೆ ಅದು ಒಳ್ಳೇದು ಅಂತ ಗೊತ್ತಾಗುತ್ತದೆ. ಒಂದು ಮಾತೂ ಬರೆದಿಲ್ಲ. ನಾನೂ ಹಾಗೇ ಮಾಡಿದೆ. ಹೊರಟ ತಕ್ಷಣ ಒಂದು ಹಂಪ್, ಸಡಿಲ ಕಟ್ಟಿದ ಒಂದು ಹೊರೆ. ಅದು ಬಿದ್ದೇ ಬೀಳುತ್ತದೆ. ಆದರೆ ಗೆಲ್ಲಲು ನಾಲ್ಕೇ ಸಾಕು. ಹಂಪ್ ಏನು ಮಾಡುತ್ತದೆ ಅಂತ ಸೋಲದೇ ಕಲಿತರು.

ಗುರಿಯೂ ಕಣ್ಣಿಗೆ ಕಾಣಬೇಕು. ಮೊದಲು ಆಲೆಮನೆ ಕೊನೆಯಲ್ಲಿ ಮಾತ್ರ ಕಾಣುತ್ತಿತ್ತು. ಈಗ ದೂರದಲ್ಲಿ ಅದರ ಹೊಗೆ ಶುರುವಿನಿಂದಲೇ ಕಾಣುತ್ತದೆ. ಈ ಸಣ್ಣ ಬದಲಾವಣೆಯಿಂದ ಅರ್ಧ ದಾರಿಯಲ್ಲಿ ಬಿಡುವವರು ಮೂರರಲ್ಲಿ ಒಂದು ಪಾಲು ಕಡಿಮೆಯಾದರು.

ನಡುವೆ ಒಂದು ಪ್ರಯೋಗ ಮಾಡಿದೆ. ಚೌಕಾಬಾರದ ಕವಡೆ ಹಾಗೆ ಅದೃಷ್ಟ ಸೇರಿಸೋಣ ಅಂತ ಎಮ್ಮೆಗಳನ್ನು ಯಾವಾಗೆಂದರೆ ಆವಾಗ ಅಡ್ಡ ಬಿಟ್ಟೆ. "ಮೋಸ" ಅಂದರು. ಸರಿಯಾಗೇ ಹೇಳಿದರು. ಕವಡೆ ಬಿದ್ದಮೇಲೆ ಯಾವ ಕಾಯಿ ನಡೆಸಬೇಕು ಅಂತ ಯೋಚಿಸಬಹುದು. ನನ್ನ ಎಮ್ಮೆ ಯೋಚಿಸೋಕೆ ಬಿಡುತ್ತಿರಲಿಲ್ಲ. ಎರಡು ಸೆಕೆಂಡ್ ಮೊದಲು ಗಂಟೆ ಸದ್ದು ಹಾಕಿದೆ. ಅದೇ ಎಮ್ಮೆ ಈಗ ಎಲ್ಲರಿಗೂ ಇಷ್ಟ.

ಇನ್ನೊಂದು ನನಗೇ ಹೆಮ್ಮೆ ತಂದ ವಿಷಯ. 1978ರ ಸ್ಪೇಸ್ ಇನ್ವೇಡರ್ಸ್ ಗೇಮ್‌ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಏರುತ್ತದೆ. ಬಿಡಿಸಬೇಕಾದ ಚಿತ್ರ ಕಡಿಮೆಯಾಗಿ ಯಂತ್ರ ಚುರುಕಾಗುತ್ತಿತ್ತು, ಗೇಮ್ ಮಾಡಿದವರು ಅದನ್ನು ಹಾಗೇ ಉಳಿಸಿಕೊಂಡರು. ನನ್ನ ಗಾಡಿಯಲ್ಲಿ ಅದು ಉಲ್ಟಾ. ಹೊರೆ ಬಿದ್ದಷ್ಟೂ ಗಾಡಿ ಹಗುರ, ತಿರುವು ಸಲೀಸು, ಆದರೆ ಸಿಗುವ ಬೆಲ್ಲ ಕಡಿಮೆ. ಸೋಲುತ್ತಿರುವವನಿಗೆ ಗಾಡಿಯೇ ಕೈ ಹಿಡಿದು ಎತ್ತುತ್ತದೆ. ಬೇರೆ ಬಟನ್ ಯಾಕೆ ಬೇಕು?

ಸಾಲಾಗಿ ಸೋತವರಿಗೆ ಗೊತ್ತಾಗದ ಹಾಗೆ ಇನ್ನೊಂದು ಕಡೆಯೂ ಸಡಿಲ ಮಾಡುತ್ತೇನೆ. 2005ರ ರೆಸಿಡೆಂಟ್ ಈವಿಲ್ 4 ಗೇಮ್ ಕೂಡ ಆಡುವವನ ಕೈ ನೋಡಿ ಒಳಗೊಳಗೇ ಕಷ್ಟ ಬದಲಾಯಿಸುತ್ತದೆ. ಎಷ್ಟನೇ ಸೋಲಿಗೆ, ಯಾವುದನ್ನು ಸಡಿಲಿಸುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎರಡು ತಿಂಗಳು ಕೊಟ್ಟಿದ್ದೇನೆ.

ಈಗ ನೂರಕ್ಕೆ 45 ಜನ ಏಳನೇ ಲೆವೆಲ್ ದಾಟುತ್ತಾರೆ. ಮೂವತ್ತು ಮುಟ್ಟುವವರು 14–15. ಮೊದಲ ತಿಂಗಳು 900 ರೂಪಾಯಿ ಬಂದಿತ್ತು, ಈಗ ತಿಂಗಳಿಗೆ 11–12 ಸಾವಿರ. ಚಿತ್ರ, ಸೌಂಡ್‌ನ ದುಡ್ಡು ವಾಪಸ್ ಬಂದಾಯಿತು.

ಹತ್ತೊಂಬತ್ತನೇ ಲೆವೆಲ್ ಇನ್ನೂ ಕಾಡುತ್ತಿದೆ. ಏರಿ ಇಳಿದ ಕೂಡಲೇ ಬರುವ ತಿರುವು ಸರಿಯಾಗಿ ಕಾಣುವುದಿಲ್ಲ. ಅಲ್ಲಿಗೆ ಒಂದು ಹುಣಸೆ ಮರ ನೆಟ್ಟಿದ್ದೇನೆ. ಶನಿವಾರ ಮತ್ತೆ ಟೀ ಅಂಗಡಿಗೆ ಹೋಗಬೇಕು.