ಸೆವಿಯ್ಯಾದಲ್ಲಿ ಒಂದು ದಿನವಿದ್ದರೆ ಹೀಗೆ ಮಾಡಿ

ಸ್ಪೇನ್‌ನ ಸೆವಿಯ್ಯಾಕ್ಕೆ ಹೋಗುವವರು ಮೊದಲು ಹೊಟ್ಟೆಯ ಗಡಿಯಾರವನ್ನು ಆ ಊರಿಗೆ ಹೊಂದಿಸಿಕೊಳ್ಳಿ. ಅಲ್ಲಿ ಮಧ್ಯಾಹ್ನದ ಊಟ 2 ಗಂಟೆಯ ಮೇಲೆ, ರಾತ್ರಿಯದು 9ರ ನಂತರ. ಸಂಜೆ 6ಕ್ಕೆ ಹೋದರೆ ಎಷ್ಟೋ ಕಡೆ ಅಡುಗೆಮನೆಯೇ ತೆರೆದಿರುವುದಿಲ್ಲ.

ಬೆಳಿಗ್ಗೆ ಬಿಸಿ ಟೋಸ್ಟ್ ಮೇಲೆ ಟೊಮೇಟೊ, ಆಲಿವ್ ಎಣ್ಣೆ ಹಾಕಿಸಿಕೊಂಡು ತಿನ್ನಿ. ಆಮೇಲೆ ಅಲ್ಕಾಸರ್ ಅರಮನೆ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಬಿಸಿಲಲ್ಲಿ ಸಾಲು ನಿಲ್ಲಬೇಕು. ತೋಟಕ್ಕೇ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ಪಕ್ಕದ ಕೆಥೆಡ್ರಲ್‌ನ ಹಿರಾಲ್ಡಾ ಗೋಪುರ 100 ಮೀಟರ್‌ಗಿಂತ ಎತ್ತರ. ಆದರೆ ಒಳಗೆ ಮೆಟ್ಟಿಲಿಗಿಂತ ಇಳಿಜಾರು ದಾರಿಯೇ ಹೆಚ್ಚು, 35 ತಿರುವುಗಳು. ಅಪ್ಪ ಅಮ್ಮ ಜೊತೆಗಿದ್ದರೂ ನಿಧಾನವಾಗಿ ಹತ್ತಬಹುದು.

ಊಟಕ್ಕೆ ಒಬ್ಬೊಬ್ಬರಿಗೆ ಒಂದು ತಟ್ಟೆ ಬೇಡ. ತಾಪಾಸ್, ಅಂದರೆ ಚಿಕ್ಕ ಚಿಕ್ಕ ತಟ್ಟೆಯ ತಿನಿಸುಗಳನ್ನು ತರಿಸಿ, ಎಲ್ಲರೂ ಹಂಚಿಕೊಂಡು ತಿನ್ನಿ. ಸಸ್ಯಾಹಾರಿಗಳು ‘ಎಸ್ಪಿನಾಕಾಸ್ ಕೊನ್ ಗರ್ಬಾನ್ಸೋಸ್’ ಕೇಳಿ. ಪಾಲಕ್, ಕಾಬೂಲಿ ಕಡಲೆ, ಜೀರಿಗೆ ಹಾಕಿದ್ದು, ನಮ್ಮ ನಾಲಿಗೆಗೆ ಚೆನ್ನಾಗಿ ಒಗ್ಗುತ್ತದೆ. ಸಾಲ್ಮೊರೆಹೊ ಅನ್ನುವ ತಣ್ಣನೆಯ ಟೊಮೇಟೊ ಸೂಪ್ ಮೇಲೆ ಹಂದಿಮಾಂಸ, ಮೊಟ್ಟೆ ಉದುರಿಸುತ್ತಾರೆ. ಬೇಡವಾದರೆ ‘ಸಿನ್ ಹಮೋನ್, ಸಿನ್ ವೇವೋ’ ಎಂದು ಮೊದಲೇ ಹೇಳಿ.

ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಊಟವಾದ ಮೇಲೆ ರೂಮಿಗೆ ಹೋಗಿ ಮಲಗಿ, ನಿಜವಾಗಿಯೂ. ಸಂಜೆ 1929ರ ವಸ್ತುಪ್ರದರ್ಶನಕ್ಕೆ ಕಟ್ಟಿದ ಪ್ಲಾಸಾ ದೆ ಎಸ್ಪಾನ್ಯಾ ಚೌಕ ನೋಡಿ. ಅಲ್ಲಿನ ಬಣ್ಣದ ಟೈಲ್ಸ್ ಚಿತ್ರಗಳು ತುಂಬಾ ಚಂದ. ಕತ್ತಲಾಗುವ ಮುಂಚೆ ಸೇತುವೆ ದಾಟಿ ನದಿಯಾಚೆಯ ತ್ರಿಯಾನಾ ಬಡಾವಣೆಗೆ ಬನ್ನಿ, ರಾತ್ರಿಯ ಊಟ ಅಲ್ಲೇ ಮುಗಿಸಿ.