ಪ್ರಾರ್ಥನೆ ಬಾಯಿಗೆ ಬಾರದ ದಿನ ಏನು ಮಾಡಬೇಕು

ನಾಲ್ಕು ವರ್ಷದ ಹಿಂದೆ, ಫೆಬ್ರವರಿ ತಿಂಗಳ ಒಂದು ಮಧ್ಯಾಹ್ನ, ನಮ್ಮ ಯಜಮಾನರು ಮೆಣಸು ಕೊಯ್ಯುವ ಏಣಿಯಿಂದ ಬಿದ್ದರು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒರಗಿಸಿದ್ದ ಬಿದಿರಿನ ಏಣಿ. ಬುಡ ಜಾರಿತು, ಅಷ್ಟೇ. ನಾನು ಹತ್ತು ಮಾರು ದೂರದಲ್ಲಿ ಟಾರ್ಪಾಲ್ ಮೇಲೆ ಕೂತು ಮೆಣಸು ಬಿಡಿಸುತ್ತಿದ್ದೆ. ನಮ್ಮ ಮನೆ ಮೂಡಿಗೆರೆಯಿಂದ ಒಳಗೆ, ಆಂಬುಲೆನ್ಸ್ ಅಂಗಳದವರೆಗೆ ಬರುವುದಿಲ್ಲ. ಕೊಟ್ಟಿಗೆಯ ಹಳೇ ಬಾಗಿಲು ಕಳಚಿ, ಅದರ ಮೇಲೆ ಅವರನ್ನು ಮಲಗಿಸಿ, ನಾಲ್ಕು ಜನ ಹೊತ್ತು ಡಾಂಬರು ರಸ್ತೆಗೆ ತಂದರು. ಆ ರಾತ್ರಿಯೇ ಮಂಗಳೂರಿಗೆ ಕರೆದುಕೊಂಡು ಹೋಗಿ ಅಂತ ಆಸ್ಪತ್ರೆಯಲ್ಲಿ ಅಂದರು.

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಪ್ರಾರ್ಥನೆ ಮಾಡೋಣ ಅಂತ ಕಣ್ಣು ಮುಚ್ಚಿದೆ. ಒಂದು ಮಾತೂ ಬರಲಿಲ್ಲ. ನಮ್ಮ ಸಭೆಯ ಹೆಂಗಸರ ಕೂಟದಲ್ಲಿ ಎಷ್ಟೋ ವರ್ಷ ಪ್ರಾರ್ಥನೆ ನಡೆಸಿದವಳು ನಾನು. ಅವತ್ತು 'ಯೇಸಪ್ಪಾ' ಅಂದೆ, ಆಮೇಲೆ ಮತ್ತೆ 'ಯೇಸಪ್ಪಾ' ಅಂದೆ. ಅದರ ಮುಂದೆ ಏನೂ ಇಲ್ಲ.

ಈಗ ಅವರು ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಎಡಗಾಲು ಸರಿಯಾಗಿಲ್ಲ. ನಾಲ್ಕು ಎಕರೆ ತೋಟ, ಸಾಲ, ಎರಡು ಹಸು ನನ್ನ ಮೇಲಿವೆ. ನನ್ನ ನಂಬಿಕೆ ಮಾತ್ರ ಆ ರಾತ್ರಿಗಿಂತ ಈಗ ಗಟ್ಟಿಯಾಗಿದೆ. ಅದು ತಾನಾಗಿಯೇ ಆಗಲಿಲ್ಲ, ಕೆಲವು ಕೆಲಸ ದಿನಾ ಮಾಡಿದ್ದರಿಂದ ಆಯಿತು. ನೀವೂ ಅಂಥದ್ದೇ ಹೊತ್ತಿನಲ್ಲಿ ಇದ್ದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ದೂರು ಹೇಳಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಆಸ್ಪತ್ರೆಯಿಂದ ಬಂದ ಮೇಲೆ ಎರಡು ತಿಂಗಳು ನಾನು 'ದೇವರ ಚಿತ್ತ, ಎಲ್ಲ ಒಳ್ಳೇದಕ್ಕೆ' ಅಂತ ಬಂದವರಿಗೆಲ್ಲ ಹೇಳುತ್ತಿದ್ದೆ. ಒಳಗೆ ಹಾಗಿರಲಿಲ್ಲ. ಅರೇಬಿಕಾ ಕಾಫಿ ಬೆಳೆಯುವವರಿಗೆ ಕಾಂಡಕೊರಕದ ವಿಷಯ ಗೊತ್ತಿರುತ್ತೆ. ಹುಳು ಕಾಂಡದ ಒಳಗೆ ತಿಂಗಳುಗಟ್ಟಲೆ ಕೂತು ತಿನ್ನುತ್ತೆ. ಗಿಡದಲ್ಲಿ ಎಲೆ ಇರುತ್ತೆ, ಕಾಯಿಯೂ ಇರುತ್ತೆ. ತೊಗಟೆಯ ಮೇಲೆ ಬೆರಳಾಡಿಸಿ ನೋಡಿದರೆ ಮಾತ್ರ ಬಳೆ ಹಾಕಿದ ಹಾಗೆ ಉಬ್ಬು ಸಿಗುತ್ತೆ. ಹುಳು ದುಂಬಿಯಾಗಿ ಹೊರಗೆ ಹಾರುವ ಮುಂಚೆಯೇ, ಮಾರ್ಚ್ ಹೊತ್ತಿಗೊಮ್ಮೆ, ಸೆಪ್ಟೆಂಬರ್ ಹೊತ್ತಿಗೊಮ್ಮೆ ಒಂದೊಂದೇ ಗಿಡ ಮುಟ್ಟಿ ನೋಡಬೇಕು. ಉಬ್ಬು ಸಿಕ್ಕ ಗಿಡ ಕಿತ್ತು ಸುಡಬೇಕು. ಆ ವರ್ಷ ಮಾರ್ಚ್ ಕೊನೆಯಲ್ಲಿ ನಾನೊಬ್ಬಳೇ ಸಾಲು ಸಾಲು ಮುಟ್ಟಿಕೊಂಡು ಹೋಗುವಾಗ ಒಂದು ಗಿಡದ ಹತ್ತಿರ ಕೂತುಬಿಟ್ಟೆ. 'ನೀನು ನೋಡ್ತಾ ಇದ್ದೆ ಅಲ್ವಾ? ಏಣಿ ಜಾರೋದನ್ನ ನೋಡ್ತಾ ಇದ್ದೆ ಅಲ್ವಾ?' ಅಂತ ಗಟ್ಟಿಯಾಗಿ ದೇವರನ್ನು ಕೇಳಿದೆ. ಕೇಳಿದ ಮೇಲೆ ಹೆದರಿದೆ. ಹೀಗೆ ಕೇಳಬಹುದಾ ಅಂತ.

ಮನೆಗೆ ಬಂದು ಸತ್ಯವೇದ, ಅಂದರೆ ಬೈಬಲ್, ತೆಗೆದೆ. ಕೀರ್ತನೆ 13ರಲ್ಲಿ ಆರೇ ವಚನ. ಮೊದಲ ಎರಡು ವಚನದಲ್ಲೇ 'ಇನ್ನೆಷ್ಟು ದಿನ' ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತೆ. ನನ್ನನ್ನು ಮರೆತೇಬಿಟ್ಟೆಯಾ, ಮುಖ ಮರೆಮಾಡಿಕೊಳ್ಳುತ್ತೀಯಾ ಅಂತ ಕೀರ್ತನೆಗಾರ ದೇವರನ್ನೇ ಕೇಳುತ್ತಾನೆ. ಆ ಕೀರ್ತನೆ ಎಷ್ಟು ಸಲ ಓದಿದ್ದೆನೋ ಲೆಕ್ಕವಿಲ್ಲ. ಅದು ನನಗೂ ಕೇಳೋಕೆ ಕೊಟ್ಟ ಅನುಮತಿ ಅಂತ ಅವತ್ತೇ ತಿಳಿದದ್ದು.

ನೀವು ಹೀಗೆ ಮಾಡಿ. ಒಬ್ಬರೇ ಇರುವ ಜಾಗ ನೋಡಿಕೊಳ್ಳಿ. ನನಗೆ ಬೆಳಿಗ್ಗೆ ಐದೂವರೆಗೆ ಬಚ್ಚಲು ಮನೆಯ ಹಂಡೆ ಒಲೆಯ ಮುಂದೆ. ಕೀರ್ತನೆ 13 ಬಾಯಿಬಿಟ್ಟು ಓದಿ, ಮನಸ್ಸಿನಲ್ಲಿ ಅಲ್ಲ. 'ಇನ್ನೆಷ್ಟು ದಿನ' ಬಂದ ಕಡೆಯೆಲ್ಲ ನಿಲ್ಲಿಸಿ, ನಿಮ್ಮದನ್ನು ಹೇಳಿ. 'ಇನ್ನೆಷ್ಟು ದಿನ ಇವರಿಗೆ ರಾತ್ರಿ ನಿದ್ದೆ ಇಲ್ಲ?' 'ಇನ್ನೆಷ್ಟು ದಿನ ಸೊಸೈಟಿ ಬಡ್ಡಿ?' ಹೆಸರು ಹಿಡಿದು ಹೇಳಿ, ಮೊತ್ತ ಹಿಡಿದು ಹೇಳಿ. ನಂತರ ಮೂರು, ನಾಲ್ಕನೇ ವಚನದಲ್ಲಿ ಅವನು ಬೇಡುತ್ತಾನೆ, ನೀವೂ ಬೇಡಿ. ಕೊನೆಯ ಎರಡು ವಚನದಲ್ಲಿ ಅವನು ನಂಬಿದ್ದೇನೆ, ಹಾಡುತ್ತೇನೆ ಅನ್ನುತ್ತಾನೆ. ಅದನ್ನು ಹೇಳೋಕೆ ಮನಸ್ಸು ಒಪ್ಪದಿದ್ದರೆ ಸುಮ್ನೆ ಓದಿ ಮುಚ್ಚಿಡಿ. ಒಂದು ದಿನ ಒಪ್ಪುತ್ತೆ. ನನಗೆ ಸುಮಾರು ಐದು ವಾರ ಬೇಕಾಯಿತು.

ಐದು ವಾರವೂ ಜಾಸ್ತಿ ಅನ್ನಿಸುವಷ್ಟು ಕತ್ತಲೆಯಲ್ಲಿ ಇರುವವರಿಗೆ ಕೀರ್ತನೆ 88 ಇದೆ. ಅದರ ಕೊನೆಯ ಮಾತೂ ಕತ್ತಲೆಯೇ. ಹಾಡಿನಲ್ಲಿ ಮುಗಿಯದ ಪ್ರಾರ್ಥನೆಯನ್ನೂ ದೇವರು ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾನೆ. ನನಗೆ ಇದು ದೊಡ್ಡ ಸಮಾಧಾನ.

ಇನ್ನೊಂದು ಮಾತು. ನಿಮ್ಮ ಮನೆಮಾತಿನಲ್ಲೇ ಓದಿ. ಇಡೀ ಸತ್ಯವೇದ ಕನ್ನಡದಲ್ಲಿ ಬಳ್ಳಾರಿಯಲ್ಲಿ ಅಚ್ಚಾಗಿದ್ದು 1831ರಲ್ಲಿ. ಅಷ್ಟು ತಲೆಮಾರಿನವರು ಅತ್ತದ್ದು ಈ ಮಾತುಗಳಲ್ಲೇ. ನನ್ನ ಮಗಳು ಮೊಬೈಲಿನಲ್ಲಿ ಇಂಗ್ಲಿಷಿನದ್ದು ಓದುತ್ತಾಳೆ, ಒಳ್ಳೆಯದೇ. ಆದರೆ ಅಪ್ಪ ಬಿದ್ದ ರಾತ್ರಿ ಅವಳೂ ಕೂಗಿದ್ದು ಕನ್ನಡದಲ್ಲೇ.

ಊಟ, ನಿದ್ದೆ

1 ಅರಸುಗಳು 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಒಂದು ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮಲಗುತ್ತಾನೆ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. ದೇವರ ಮಾತು ಅವನಿಗೆ ಕೇಳಿಸಿದ್ದು ಅದಾಗಿ ನಲವತ್ತು ದಿನ ನಡೆದ ಮೇಲೆ.

ರೋಗಿ ಇರುವ ಮನೆಯಲ್ಲಿ ಹೆಂಗಸರು ನಿಂತುಕೊಂಡೇ ತಿನ್ನುತ್ತಾರೆ, ಇಲ್ಲಾ ತಿನ್ನುವುದೇ ಇಲ್ಲ. ಕೂತು ತಿನ್ನಿ. ಸಾಯಬೇಕು ಅನ್ನುವ ಯೋಚನೆ ನಿಮಗೂ ಬರುತ್ತಿದ್ದರೆ ಅದನ್ನು ಪ್ರಾರ್ಥನೆಯಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಡಾಕ್ಟರ ಹತ್ತಿರ ಹೋಗಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ದುಡ್ಡಿಲ್ಲದೆ ಮಾತಾಡುತ್ತಾರೆ. ಮಾತ್ರೆ ತಗೊಂಡರೆ ನಂಬಿಕೆ ಕಮ್ಮಿ ಆಯಿತು ಅಂತ ಯಾರಾದರೂ ಹೇಳಿದರೆ ಎಲೀಯನ ರೊಟ್ಟಿ ನೆನೆಸಿಕೊಳ್ಳಿ.

ಒಂದು ದಿನದ ಲೆಕ್ಕ

ಡೈರಿಗೆ ಹಾಲು ಹಾಕುವ ಲೆಕ್ಕದ ಒಂದು ಹಳೇ ಪುಸ್ತಕದಲ್ಲಿ ಅರ್ಧದಷ್ಟು ಹಾಳೆಗಳು ಖಾಲಿ ಇದ್ದವು. ಅದರಲ್ಲಿ ರಾತ್ರಿ ಮಲಗುವ ಮುಂಚೆ ಮೂರು ಸಾಲು ಬರೆಯೋಕೆ ಶುರು ಮಾಡಿದೆ. ಕೇಳಿದ್ದು, ಬಂದಿದ್ದು, ಬಾರದ್ದು.

ಒಂದು ದಿನದ್ದು ಹೀಗಿದೆ. 'ಕೇಳಿದ್ದು: ಬಡ್ಡಿ ಕಟ್ಟಲು ಏಳು ಸಾವಿರ. ಬಂದಿದ್ದು: ಅಣ್ಣ ಮೂರು ಸಾವಿರ ಕೊಟ್ಟ, ಸ್ವಲ್ಪ ಮೆಣಸು ಮಾರಿದೆ. ಕಟ್ಟಿದೆ. ಬಾರದ್ದು: ಎಡಗಾಲು.' ಆ ಪುಸ್ತಕದ ತುಂಬ ಬಾರದ್ದರ ಸಾಲಿನಲ್ಲಿ 'ಎಡಗಾಲು' ಅಂತಲೇ ಇದೆ. ಅದನ್ನು ಬಿಡದೆ ಬರೆಯಿರಿ ಅಂತಲೇ ಹೇಳುತ್ತೇನೆ. ಬಂದಿದ್ದನ್ನು ಮಾತ್ರ ಬರೆದರೆ ಕೆಲವು ದಿನಕ್ಕೆ ಆ ಪುಸ್ತಕ ನಿಮಗೇ ಸುಳ್ಳು ಅನ್ನಿಸುತ್ತೆ. ಬಾರದ್ದನ್ನು ಮಾತ್ರ ಬರೆದರೆ ಅಣ್ಣನ ಮೂರು ಸಾವಿರ ಮರೆತುಹೋಗುತ್ತೆ.

ಯಾಕೆ ಒಂದೇ ದಿನದ್ದು ಅಂದರೆ, ವಿಮೋಚನಕಾಂಡ 16ರ ಮನ್ನದ ಕಾರಣಕ್ಕೆ. ಮನ್ನ ಅಂದರೆ ಮರುಭೂಮಿಯಲ್ಲಿ ದೇವರು ಇಸ್ರಾಯೇಲ್ಯರಿಗೆ ದಿನಾ ಕೊಟ್ಟ ಆಹಾರ. ತಲೆಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರ್ ಅಳತೆ. ನಾಳೆಗೆ ಅಂತ ಇಟ್ಟುಕೊಂಡದ್ದು ಹುಳ ಬಿದ್ದು ನಾರಿತು. ಸಬ್ಬತ್ತಿನ, ಅಂದರೆ ವಿಶ್ರಾಂತಿ ದಿನದ, ಹಿಂದಿನ ದಿನ ಮಾತ್ರ ಎರಡು ದಿನದ್ದು ಕೂಡಿಸಬಹುದಿತ್ತು. ನನಗೆ ಮುಂದಿನ ವರ್ಷದ ಯೋಚನೆ ಬಂದಾಗಲೆಲ್ಲ ಎದೆ ಹಿಡಿದ ಹಾಗಾಗುತ್ತಿತ್ತು. ಕಾಫಿ ಹೂ ಬಿಡಿಸುವ ಮಳೆ ಬರುತ್ತಾ, ಕೊಯ್ಲಿಗೆ ಆಳು ಸಿಗ್ತಾರಾ, ಮಗಳ ಫೀಸು. ಈಗ ಅಂಥ ಯೋಚನೆ ಬಂದರೆ 'ಇದು ಇವತ್ತಿನ ಓಮೆರ್‌ನಲ್ಲಿ ಇದೆಯಾ?' ಅಂತ ಕೇಳಿಕೊಳ್ಳುತ್ತೇನೆ. ಇದ್ದರೆ ಇವತ್ತು ಮಾಡಬೇಕಾದ ಫೋನೋ, ಓಡಾಟವೋ ಮಾಡುತ್ತೇನೆ. ಇಲ್ಲದಿದ್ದರೆ ದೇವರಿಗೆ ಗಟ್ಟಿಯಾಗಿ 'ಇದು ನಿನ್ನದು' ಅಂತ ಹೇಳಿ ಕೆಲಸಕ್ಕೆ ಹೋಗುತ್ತೇನೆ. ಅರ್ಧ ಗಂಟೆಗೆ ಮತ್ತೆ ಬರುತ್ತೆ. ಮತ್ತೆ ಹೇಳುತ್ತೇನೆ.

ನಿಮ್ಮ ಕೈಲಿ ಆಗದಿದ್ದರೆ ಬೇರೆಯವರು ಹೊರಲಿ

ಮಾರ್ಕ 2ನೇ ಅಧ್ಯಾಯ ನಿಮಗೆ ಗೊತ್ತು. ನಾಲ್ಕು ಜನ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ, ಜನರ ಗುಂಪಿನಿಂದ ಒಳಗೆ ಹೋಗಲಾಗದೆ ಮಾಳಿಗೆ ತೆಗೆದು ಹಾಸಿಗೆ ಸಮೇತ ಇಳಿಸುತ್ತಾರೆ. ಐದನೇ ವಚನ ನಿಧಾನಕ್ಕೆ ಓದಿ. ಯೇಸು 'ಅವರ' ನಂಬಿಕೆಯನ್ನು ನೋಡಿದನು ಅಂತ ಇದೆ. ಮಲಗಿದ್ದವನು ಏನು ನಂಬಿದ್ದ, ಎಷ್ಟು ನಂಬಿದ್ದ ಅಂತ ಅಲ್ಲಿ ಒಂದು ಮಾತೂ ಇಲ್ಲ.

ನಮ್ಮ ಯಜಮಾನರನ್ನು ಹೊತ್ತ ನಾಲ್ವರಲ್ಲಿ ಒಬ್ಬರು ಮಾತ್ರ ನಮ್ಮ ಚರ್ಚಿನವರು. ಇಬ್ಬರು ಪಕ್ಕದ ತೋಟದ ಗೌಡರ ಮನೆಯವರು. ಇನ್ನೊಬ್ಬ ಲೈನ್ ಮನೆಯ (ತೋಟದ ಕೂಲಿಯವರ ಮನೆಸಾಲಿನ) ಹುಡುಗ, ಆಗ ಹತ್ತೊಂಬತ್ತು ವರ್ಷ. ಇಳಿಜಾರಿನಲ್ಲಿ ಬಾಗಿಲು ವಾಲದಂತೆ ಕೆಳಗಿನ ಇಬ್ಬರು ಅದನ್ನು ಹೆಗಲಿಗೆ ಏರಿಸಿಕೊಂಡರು, ಮೇಲಿನ ಇಬ್ಬರು ಮೊಣಕಾಲು ಬಗ್ಗಿಸಿಕೊಂಡೇ ನಡೆದರು. ಹುಡುಗನ ಹೆಗಲ ಚರ್ಮ ಕಿತ್ತು ಅಂಗಿಗೆ ರಕ್ತ ಅಂಟಿತ್ತು. ಅವನು ಅದನ್ನು ಹೇಳಲೇ ಇಲ್ಲ, ಮಾರನೇ ವಾರ ಅವನ ತಾಯಿ ಹೇಳಿದ್ದು.

ಆದ್ದರಿಂದ ಕೇಳಲು ನಾಚಬೇಡಿ. ಆದರೆ 'ನಮಗೋಸ್ಕರ ಪ್ರಾರ್ಥಿಸಿ' ಅಂತ ಮಾತ್ರ ಹೇಳಿದರೆ ಯಾರಿಗೂ ಏನೂ ತೋಚುವುದಿಲ್ಲ. 'ಗುರುವಾರ ಹತ್ತು ಗಂಟೆಗೆ ಸ್ಕ್ಯಾನಿಂಗ್ ಇದೆ, ಆ ಹೊತ್ತಿಗೆ ಪ್ರಾರ್ಥಿಸಿ' ಅನ್ನಿ. 'ನಾಳೆ ಸಂಜೆ ಹಾಲು ಕರೆಯೋಕೆ ಒಬ್ಬರು ಬನ್ನಿ' ಅನ್ನಿ. ಇಬ್ಬರಿಗೆ ಹೇಳಿದರೆ ಸಾಕು. ಭಾನುವಾರದ ಆರಾಧನೆಗೆ ಹೋಗೋಕೆ ಮನಸ್ಸಿಲ್ಲದಿದ್ದರೂ ಹೋಗಿ ಹಿಂದೆ ಕೂತುಕೊಳ್ಳಿ. ಹಾಡು ಬಾಯಿಗೆ ಬಾರದಿದ್ದರೆ ಪಕ್ಕದವರು ಹಾಡುವುದನ್ನು ಕೇಳಿ. ಎಷ್ಟೋ ಭಾನುವಾರ ನಾನು ಹಾಗೇ ಕೂತು ಬಂದಿದ್ದೇನೆ.

ವಾಸಿಯಾಗದಿದ್ದರೆ

ಒಬ್ಬರು ಮನೆಗೆ ಬಂದು, ಇವರು ಮಲಗಿದ್ದ ಮಂಚದ ಪಕ್ಕದಲ್ಲೇ ನಿಂತು, 'ನಿಮ್ಮ ನಂಬಿಕೆ ಗಟ್ಟಿ ಇದ್ದಿದ್ದರೆ ಇಷ್ಟೊತ್ತಿಗೆ ಎದ್ದು ಓಡಾಡ್ತಿದ್ರು' ಅಂದರು. ಆ ಮಾತು ನನ್ನನ್ನು ಒಂದು ವರ್ಷ ಸುಟ್ಟಿತು. ಅಂಥ ಮಾತು ನಿಮಗೂ ಯಾರಾದರೂ ಹೇಳಿರಬಹುದು. 2 ಕೊರಿಂಥ 12 ಓದಿ. ಪೌಲ ತನ್ನ ಮೈಯಲ್ಲಿ ನಾಟಿದ ಮುಳ್ಳು ತೆಗೆ ಅಂತ ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಅನ್ನುವ ಉತ್ತರ ಬಂತು. ಸಾಯುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೇ ಈ ಪಾತ್ರೆ, ಅಂದರೆ ಬರಲಿದ್ದ ಸಂಕಟ, ನನ್ನಿಂದ ತೊಲಗಲಿ ಅಂತ ಬೇಡಿದ. ಅವರಿಗೆ ನಂಬಿಕೆ ಕಮ್ಮಿ ಇತ್ತಾ? ನಾನು ಈಗಲೂ ಎಡಗಾಲಿಗೋಸ್ಕರ ಬೇಡುತ್ತೇನೆ. ನಿಲ್ಲಿಸಿಲ್ಲ, ನಿಲ್ಲಿಸುವುದೂ ಇಲ್ಲ.

ಇದರ ಜೊತೆ ವರ್ಷಕ್ಕೊಮ್ಮೆ ಒಂದು ಕೆಲಸ ಮಾಡುತ್ತೇನೆ. ಪ್ರವಾದಿ ಹಬಕ್ಕೂಕನ ಪುಸ್ತಕದ ಮೂರನೇ ಅಧ್ಯಾಯದ ಕೊನೆಯಲ್ಲಿ ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಫಲ ಕೊಡದಿದ್ದರೂ, ಎಣ್ಣೆಮರ ಕೈಕೊಟ್ಟರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ಕರ್ತನಲ್ಲಿ ಆನಂದಿಸುವೆನು ಅನ್ನುತ್ತಾನೆ. ಅವನು ತನ್ನ ಊರಿನ ಬೆಳೆಯ ಹೆಸರು ಹೇಳಿದ. ನಾನು ನಮ್ಮ ಊರಿನದು ಬರೆಯುತ್ತೇನೆ. ಮಾರ್ಚ್‌ನಲ್ಲಿ ಮಳೆ ಬಾರದೆ ಮೊಗ್ಗು ಒಣಗಿದರೂ, ಮೆಣಸಿನ ಬಳ್ಳಿ ಸೊರಗಿ ಬಿದ್ದರೂ, ಆಗಸ್ಟಿನ ಮಳೆಗೆ ಕಾಯಿ ಕೊಳೆತು ಉದುರಿದರೂ, ಎಡಗಾಲು ಹೀಗೇ ಇದ್ದರೂ. ಬರೆಯುತ್ತಾ ಹೋದ ಹಾಗೆ ನನಗೆ ಯಾವುದರ ಭಯ ಜಾಸ್ತಿ ಅಂತ ಕೈಗೇ ಗೊತ್ತಾಗುತ್ತೆ, ಆ ಸಾಲಿಗೆ ಬಂದಾಗ ಪೆನ್ನು ನಿಲ್ಲುತ್ತೆ. ನಿಂತ ಕಡೆ ಪ್ರಾರ್ಥಿಸಿ. 'ಆದರೂ' ಅನ್ನುವ ಕೊನೆಯ ಸಾಲು ಅವತ್ತೇ ಬರೆಯಬೇಕು ಅಂತ ಇಲ್ಲ. ಎರಡನೇ ವರ್ಷ ನನಗೆ ಅದು ಏಪ್ರಿಲ್‌ನಲ್ಲಿ ಬಂತು, ಮಳೆಯಾಗಿ ಒಂಬತ್ತನೇ ದಿನ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಾಗ. ಕಳೆದ ವರ್ಷ ಹೂವೇ ಸರಿಯಾಗಿ ಬರಲಿಲ್ಲ. ಆಗಲೂ ಬರೆದೆ. ಕೈ ನಡುಗಿತು, ಆದರೂ ಬರೆದೆ.

ಈ ಫೆಬ್ರವರಿಯಲ್ಲಿ ಮೆಣಸು ಕೊಯ್ಯೋಕೆ ಆ ಲೈನ್ ಮನೆಯ ಹುಡುಗನೇ ಬಂದ. ಅದೇ ಸಿಲ್ವರ್ ಮರ. ಇವರು ವಾಕರ್ ಹಿಡಿದು ಅಲ್ಲಿಯವರೆಗೂ ನಡೆದರು, ಹೇಳಿದರೂ ಕೇಳಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಹುಡುಗ ಮೇಲೆ ಇರುವಷ್ಟು ಹೊತ್ತೂ ಎರಡೂ ಕೈಯಲ್ಲಿ ಏಣಿಯ ಬುಡ ಹಿಡಿದುಕೊಂಡಿದ್ದರು. ರಾತ್ರಿ ಪುಸ್ತಕದಲ್ಲಿ ಬಂದಿದ್ದರ ಸಾಲಿನಲ್ಲಿ 'ಏಣಿ ಹಿಡಿದರು' ಅಂತ ಬರೆದೆ. ಅದರ ಕೆಳಗೆ ಎಂದಿನ ಹಾಗೆ 'ಎಡಗಾಲು'.